ಪೌಡರ್ ಒತ್ತಬೇಕು, ಉಜ್ಜಬಾರದು

ನನಗೆ ಏಳು ವರ್ಷವಾಗಿದ್ದಾಗ ನಮ್ಮ ಊರಿಗೆ ಸಿಡುಬು ಬಂತು. ಜೀವ ಉಳಿಯಿತು, ಕಣ್ಣೂ ಉಳಿಯಿತು. ಎರಡು ಕೆನ್ನೆಗಳ ಮೇಲೆ ಮತ್ತು ಮೂಗಿನ ತುದಿಯಲ್ಲಿ ಕಲೆಗಳು ಮಾತ್ರ ಕೂತವು. ಅದಾಗಿ ಎರಡು ವರ್ಷಕ್ಕೆ ಅಪ್ಪ ನನ್ನನ್ನೂ ಅಮ್ಮನನ್ನೂ ಉಡುಪಿ ಕಡೆಯಿಂದ ಮುಂಬಯಿಗೆ ಕರೆಸಿಕೊಂಡರು. ಅವರು ಸಯನ್ ಸ್ಟೇಷನ್ನಿನ ಹತ್ತಿರ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಆಗಿದ್ದರು. ನಮ್ಮದು ಎರಡು ಕೋಣೆಯ ಮನೆ. ಬಿಲ್ಡಿಂಗಿನ ಹಿಂಬದಿಗಿದ್ದ ಆ ಮನೆಯಲ್ಲಿ ಹಗಲು ಹೊತ್ತಿನಲ್ಲೂ ಬಲ್ಬು ಹಾಕಬೇಕಾಗುತ್ತಿತ್ತು.

ಮುಖದ ಚಿಂತೆ ನನಗೆ ಹತ್ತಿದ್ದು ಶಾಲೆ ಮುಗಿಯುವ ಹೊತ್ತಿಗೆ. ಅಲ್ಲಿಯವರೆಗೆ ಅದು ಅಮ್ಮನ ಚಿಂತೆಯಾಗಿತ್ತು. ಆಮೇಲೆ ನನ್ನದಾಯಿತು. ಆ ಕಾಲದ ಹುಡುಗಿಯರಿಗೆ ಗೊತ್ತಿದ್ದದ್ದು ಸ್ನೋ ಎನ್ನುವ ಬಿಳಿ ಕ್ರೀಮು ಮತ್ತು ಪೌಡರ್. ಮೊದಲು ಸ್ನೋ ತಿಕ್ಕುವುದು, ಅದರ ಮೇಲೆ ಪೌಡರ್ ಬಳಿಯುವುದು. ಎಲ್ಲರೂ ಒಂದು ಪದರ ಹಚ್ಚಿದರೆ ನಾನು ಮೂರು ಪದರ ಹಚ್ಚುತ್ತಿದ್ದೆ. ನಮ್ಮ ಕೋಣೆಯ ಹಳದಿ ಬೆಳಕಿನಲ್ಲಿ, ಮೂಲೆ ಕಪ್ಪಾಗಿದ್ದ ಕನ್ನಡಿಯಲ್ಲಿ, ಕಲೆಗಳು ಮುಚ್ಚಿಹೋದ ಹಾಗೆಯೇ ಕಾಣುತ್ತಿತ್ತು. ಹೊರಗೆ ಬಿಸಿಲಿನಲ್ಲಿ ಜನ ಏನು ನೋಡುತ್ತಿದ್ದರೋ ನನಗೆ ಗೊತ್ತಿರಲಿಲ್ಲ, ಯಾರೂ ಹೇಳಿರಲೂ ಇಲ್ಲ.

ಅರವತ್ತರ ದಶಕ ಮುಗಿಯುತ್ತಿದ್ದ ಒಂದು ಬೇಸಿಗೆಯಲ್ಲಿ ಸಾಂತಾಕ್ರೂಜ್‌ನ ಒಂದು ಟ್ರಾವೆಲ್ ಆಫೀಸಿನಿಂದ ನನಗೆ ಇಂಟರ್‌ವ್ಯೂ ಪತ್ರ ಬಂತು. ಬಂದವರನ್ನು ಮಾತಾಡಿಸುವ, ಫೋನ್ ಎತ್ತುವ ಕೆಲಸ. ನನಗೆ ಟೈಪಿಂಗ್ ಬರುತ್ತಿತ್ತು. ಮನೆಯಲ್ಲಿ ತುಳು, ಕನ್ನಡ, ಹೊರಗೆ ಮರಾಠಿ, ಹಿಂದಿ, ಶಾಲೆಯ ಇಂಗ್ಲಿಷ್. ಭಾಷೆಯ ಬಗ್ಗೆ ಹೆದರಿಕೆ ಇರಲಿಲ್ಲ. ಬಾಗಿಲಲ್ಲೇ ಕೂರುವ ಹುಡುಗಿಯ ಮುಖ ಚೆನ್ನಾಗಿರಬೇಕಲ್ಲ ಎನ್ನುವುದೇ ಹೆದರಿಕೆ.

ಪಕ್ಕದ ಮನೆಗೆ ಆಗಷ್ಟೇ ಮದುವೆಯಾಗಿ ಬಂದಿದ್ದ ಸಿಂಧಿ ಸೊಸೆ ತನ್ನ ಪ್ಯಾನ್‌ಕೇಕ್ ಡಬ್ಬಿಯನ್ನು ಧಾರಾಳವಾಗಿ ಕೊಟ್ಟಳು. ಒದ್ದೆ ಸ್ಪಂಜಿನಿಂದ ಹಚ್ಚಿಕೊಳ್ಳುವ ಗಟ್ಟಿ ಬಣ್ಣ ಅದು. ಆಕೆ ಗೋದಿ ಬಣ್ಣದ ಹುಡುಗಿ, ನಾನು ಕಪ್ಪು. ಅದು ನನಗೆ ತಪ್ಪೆಂದು ಹೊಳೆಯಲೇ ಇಲ್ಲ. ನನ್ನನ್ನು ಬೆಳ್ಳಗೆ ಮಾಡುವ ಡಬ್ಬಿ ಸಿಕ್ಕಿತಲ್ಲ ಎಂದು ಸಂತೋಷವೇ ಆಗಿತ್ತು. ಬೆಳಿಗ್ಗೆ ಬಲ್ಬಿನ ಕೆಳಗೆ ನಿಂತು ಹಚ್ಚಿಕೊಂಡೆ. ಕಲೆಗಳ ಜಾಗದಲ್ಲಿ ಬೆರಳಿನಿಂದ ಒತ್ತಿ ಒತ್ತಿ ತುಂಬಿದೆ. ಮೇಲೆ ಪೌಡರ್, ಕೆಂಪು ಲಿಪ್‌ಸ್ಟಿಕ್, ಕಣ್ಣಿನ ಸುತ್ತ ದಪ್ಪ ಕಾಡಿಗೆ.

ಅಮ್ಮ ಅಡುಗೆಮನೆಯಿಂದ ಬಂದು ನೋಡಿ, "ಎಂತ ಮಾರಾಯ್ತಿ ಇದು, ಬೂದಿ ಬಡಿದುಕೊಂಡ ಹಾಗೆ ಉಂಟಲ್ಲ" ಅಂದಳು. ನನಗೆ ಸಿಟ್ಟು ಬಂತು. ಕಾಫಿಯನ್ನೂ ಕುಡಿಯದೆ ಹೊರಟೆ.

ಸಯನ್‌ನಿಂದ ದಾದರ್‌ವರೆಗೆ ಲೋಕಲ್ಲಿನಲ್ಲಿ ನಿಂತೇ ಹೋದೆ. ಮೇ ತಿಂಗಳು. ಲೇಡೀಸ್ ಡಬ್ಬಿಯಲ್ಲಿ ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಗರ್ದಿ. ಹಣೆಯಿಂದ ಬೆವರು ಇಳಿಯುವುದು ಗೊತ್ತಾಗುತ್ತಿತ್ತು. ಒರೆಸಿದರೆ ಬಣ್ಣ ಹೋಗುತ್ತದೆಂದು ಸುಮ್ಮನಿದ್ದೆ. ದಾದರಿನಲ್ಲಿ ಇಳಿದು ಬ್ರಿಜ್ ಹತ್ತಿ ಪಶ್ಚಿಮದ ಪ್ಲಾಟ್‌ಫಾರ್ಮಿಗೆ ಬಂದ ಮೇಲೆ, ಚೀಲದಿಂದ ಪೌಡರ್ ತೆಗೆದು ಬೆವರಿನ ಮೇಲೆಯೇ ಇನ್ನಷ್ಟು ಹಚ್ಚಿದೆ. ಆಮೇಲೆ ಪುಟ್ಟ ಕನ್ನಡಿ ಹಿಡಿದು ನೋಡಿಕೊಂಡೆ. ಹಗಲಿನ ಬಯಲು ಬೆಳಕಿನಲ್ಲಿ ನನ್ನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಬಹುಶಃ ಅದೇ ಮೊದಲು. ಬೆವರು ಹರಿದ ದಾರಿಯಲ್ಲಿ ಕಪ್ಪು ಗೆರೆಗಳು. ಉಳಿದ ಕಡೆ ಸುಣ್ಣದ ಗೋಡೆ. ದವಡೆಯ ಹತ್ತಿರ ಗಡಿ ಕೊರೆದ ಹಾಗೆ ಮುಖದ ಬಿಳಿ ನಿಂತು ಕುತ್ತಿಗೆಯ ಕಪ್ಪು ಶುರುವಾಗಿತ್ತು. ಕಲೆಗಳೋ, ಸುಣ್ಣದಿಂದ ಗುರುತು ಹಾಕಿದ ಹಾಗೆ ಒಂದೊಂದನ್ನೂ ಎಣಿಸಬಹುದಾಗಿತ್ತು.

"ಅಯ್ಯೋ ದೇವರೇ" ಎಂದು ನನ್ನ ಬಾಯಿಂದ ಬಂತು. ಕಣ್ಣಲ್ಲಿ ನೀರೂ ಬಂತು, ಕಾಡಿಗೆಯೂ ಇಳಿಯಿತು.

"ಕನ್ನಡದಾಕಿ ಏನ ತಂಗಿ?" ಎಂದು ಯಾರೋ ಕೇಳಿದರು.

ಪಕ್ಕದಲ್ಲಿ ನಿಂತಿದ್ದ ಹೆಂಗಸು. ನಲವತ್ತು ದಾಟಿದ ವಯಸ್ಸು, ಹಸಿರು ನೂಲಿನ ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ, ಕೈಯಲ್ಲಿ ಉಬ್ಬಿದ ಬಟ್ಟೆಚೀಲ. ಮಾತು ಗದಗ ಕಡೆಯದು. ನಾನು ತಲೆಯಾಡಿಸಿದೆ. ಎಲ್ಲಿಗೆ ಹೊರಟಿದ್ದೀ ಎಂದು ಕೇಳಿದರು, ಹೇಳಿದೆ. ಎಷ್ಟು ಗಂಟೆಗೆ ಎಂದರು. ಹನ್ನೊಂದಕ್ಕೆ ಅಂದೆ. ಅವರು ಸ್ಟೇಷನ್ನಿನ ಗಡಿಯಾರ ನೋಡಿ, ಇನ್ನೂ ವೇಳೆ ಇದೆ ಎಂದು ನನ್ನ ಮೊಣಕೈ ಹಿಡಿದು ಕುಡಿಯುವ ನೀರಿನ ನಲ್ಲಿಯ ಹತ್ತಿರ ಕರೆದೊಯ್ದರು. ಅಪರಿಚಿತರ ಹಿಂದೆ ಹೋಗಬಾರದೆಂದು ಮನೆಯಲ್ಲಿ ಕಲಿಸಿದ್ದೆಲ್ಲ ಮರೆತು ಹೋದೆ.

ಅವರ ಚೀಲದಲ್ಲಿ ಬಾಚಣಿಗೆಗಳು, ಹೇರ್‌ಪಿನ್ನು, ಚೌರಿ, ಒಂದು ಸೀಸೆ ಕೊಬ್ಬರಿ ಎಣ್ಣೆ, ಒಂದು ಉಂಡೆ ಹತ್ತಿ ಇದ್ದವು. ಎಣ್ಣೆಯಲ್ಲಿ ಹತ್ತಿ ಅದ್ದಿ ನನ್ನ ಮುಖ ಒರೆಸಿದರು. ಹತ್ತಿ ಮಣ್ಣಿನ ಬಣ್ಣಕ್ಕೆ ತಿರುಗಿತು. ಇನ್ನೊಂದು ತುಂಡು, ಮತ್ತೊಂದು. ಅಷ್ಟರಲ್ಲಿ ಒಂದು ಲೋಕಲ್ ಬಂದು ಹೋಯಿತು. ಅವರು ತಿರುಗಿ ನೋಡಲಿಲ್ಲ. ಎಣ್ಣೆಯ ಜಿಡ್ಡು ಹೋಗುವಂತೆ ತಣ್ಣೀರಿನಲ್ಲಿ ಮುಖ ತೊಳೆಸಿದರು. ನಾನು ಸೆರಗಿನಿಂದ ತಿಕ್ಕಿ ಒರೆಸಿಕೊಳ್ಳಲು ಹೋದರೆ ಕೈ ಹಿಡಿದರು. "ತಿಕ್ಕಬ್ಯಾಡ. ಒತ್ತಿ ಬಿಡು, ನೀರು ತಾನೇ ಬಟ್ಟಿಗಿ ಬರತೈತಿ." ಆಮೇಲೆ ಫ್ಯಾನಿನ ಕೆಳಗಿದ್ದ ಬೆಂಚಿನ ಮೇಲೆ ಕೂರಿಸಿ, ಮೈ ಆರುವತನಕ ಸುಮ್ಮನೆ ಕೂರು ಎಂದರು. ಎರಡನೆಯ ಲೋಕಲ್ಲೂ ಹೋಯಿತು.

ಮೈ ಆರಿದ ಮೇಲೆ ನನ್ನದೇ ಪೌಡರನ್ನು ಹತ್ತಿಗೆ ತಾಗಿಸಿ, ಹೆಚ್ಚಿನದನ್ನು ಕೊಡವಿ, ಹಣೆಗೆ, ಮೂಗಿನ ಪಕ್ಕಕ್ಕೆ, ಗದ್ದಕ್ಕೆ ಮೆತ್ತಗೆ ಒತ್ತಿದರು. ಕೆನ್ನೆ ಮುಟ್ಟಲಿಲ್ಲ. "ಅಲ್ಲಿ?" ಎಂದು ಕೆನ್ನೆ ತೋರಿಸಿದೆ.

"ಅಲ್ಲೇ ಬ್ಯಾಡ. ತಗ್ಗಿನಾಗ ಸುಣ್ಣ ತುಂಬಿದ್ರ ತಗ್ಗು ಎದ್ದು ಕಾಣತೈತಿ. ಅದರ ಪಾಡಿಗೆ ಅದನ್ನ ಬಿಡು. ನಿನ್ನ ಕಣ್ಣು ಛಲೋ ಅದಾವ, ಮಂದಿ ಅವನ್ನ ನೋಡಲಿ."

ಕಾಡಿಗೆಯನ್ನು ಮೇಲಿನ ರೆಪ್ಪೆಯ ಬುಡಕ್ಕೆ ಮಾತ್ರ ಎಳೆದರು. ಲಿಪ್‌ಸ್ಟಿಕ್ ಹಚ್ಚಿ, ಟಿಕೆಟಿನ ಹಿಂಬದಿಯನ್ನು ತುಟಿಗಳ ನಡುವೆ ಒತ್ತಿಸಿ, ಉಳಿದ ಬಣ್ಣ ಸಾಕು ಎಂದರು. ಮೂರನೆಯ ಲೋಕಲ್ಲಿಗೆ ಇಬ್ಬರೂ ಹತ್ತಿದೆವು. ನಾನು ಸಾಂತಾಕ್ರೂಜ್‌ನಲ್ಲಿ ಇಳಿಯುವಾಗ ಅವರು ಒಳಗೇ ಇದ್ದರು. ಗಡಿಬಿಡಿಯಲ್ಲಿ ಹೆಸರು ಕೇಳಲಿಲ್ಲ. ಧನ್ಯವಾದ ಹೇಳಿದೆನೋ ಇಲ್ಲವೋ, ಅದೂ ನೆನಪಿಲ್ಲ.

ಇಂಟರ್‌ವ್ಯೂ ಮಾಡಿದವರು ವಯಸ್ಸಾದ ಗುಜರಾತಿ ಗೃಹಸ್ಥರು. ಟೈಪ್ ಮಾಡಿಸಿದರು, ಮರಾಠಿಯಲ್ಲಿ ಒಂದು ಫೋನ್ ಮಾಡಿಸಿದರು, ಸಿಟ್ಟಾದ ಗಿರಾಕಿಯಂತೆ ತಾವೇ ನಟಿಸಿ ನನ್ನಿಂದ ಉತ್ತರ ಹೇಳಿಸಿದರು. ಅರ್ಧ ಗಂಟೆ ನಾನು ನನ್ನ ಮುಖವನ್ನು ಮರೆತಿದ್ದೆ. ಬರುವ ಸೋಮವಾರದಿಂದ ಬಾ ಎಂದು ಅವರು ಹೇಳಿದಾಗ ಮೊದಲು ನೆನಪಾದದ್ದು ಕೊಬ್ಬರಿ ಎಣ್ಣೆಯ ವಾಸನೆಯ ಆ ಕೈಗಳು.

ಕೆಲಸಕ್ಕೆ ಸೇರಿದ ಮೇಲೆ ದಿನವೂ ದಾದರಿನ ಅದೇ ಪ್ಲಾಟ್‌ಫಾರ್ಮಿನಲ್ಲಿ ಅವರಿಗಾಗಿ ಹುಡುಕಿದೆ. ಅಪ್ಪನ ಹೋಟೆಲಿನ ಮೈಸೂರುಪಾಕಿನ ಪೊಟ್ಟಣವೊಂದು ನನ್ನ ಚೀಲದಲ್ಲಿ ಎರಡು ವಾರ ದಾದರಿಗೆ ಹೋಗಿ ಬಂತು. ಹಳೆಯದಾದಾಗ ನಾನೇ ತಿಂದು ಹೊಸದನ್ನು ಇಟ್ಟುಕೊಳ್ಳುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಹಸಿರು ಸೀರೆ ಕಾಣಿಸಿತು. ನಾನು ಓಡಿಹೋಗಿ ಪೊಟ್ಟಣ ಕೈಗಿಟ್ಟೆ. ಅವರು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಕೆಲಸ ಸಿಕ್ಕಿತೆಂದು ಹೇಳುವ ಮೊದಲೇ, "ಸ್ನೋ ಜಾಸ್ತಿ ಆಗೈತಿ" ಅಂದರು. ಆಮೇಲೆ ನಕ್ಕು, ಭಾನುವಾರ ಮನೆಗೆ ಬಾ, ಪರೇಲಿನಲ್ಲಿ ನಮ್ಮ ಚಾಳು, ಎಂದು ಗುರುತು ಹೇಳಿದರು. ಅಂದಿನಿಂದ ಅವರು ನನಗೆ ಪರೇಲಿನ ಅಕ್ಕ.

ಮೂರನೆಯ ಮಾಳಿಗೆಯಲ್ಲಿ ಒಂದೇ ಕೋಣೆ, ಮುಂದೆ ಎಲ್ಲ ಮನೆಗಳಿಗೂ ಸೇರಿದ, ಕಂಬಿ ಹಾಕಿದ ಉದ್ದನೆಯ ಜಗಲಿ, ಕಟಾಂಜನ. ಎದುರಿಗೆ ಮಿಲ್ಲಿನ ಚಿಮಣಿ. ಅಕ್ಕನ ಗಂಡ ಅದೇ ಮಿಲ್ಲಿನಲ್ಲಿ ಮಗ್ಗ ನಡೆಸುತ್ತಿದ್ದರು. ದಪ್ಪ ಮೀಸೆ, ಬಹಳ ಕಡಿಮೆ ಮಾತು. ಮಗ್ಗಗಳ ಸದ್ದಿನಲ್ಲಿ ಕಿವಿ ಸ್ವಲ್ಪ ಮಂದವಾಗಿತ್ತು. ಅವರನ್ನು ನಾನು ಭಾವ ಎಂದೆ.

ಅಕ್ಕನ ಕಥೆಯನ್ನು ನಾನು ಆ ಭಾನುವಾರಗಳಲ್ಲಿ ತುಂಡುತುಂಡಾಗಿ ಕೇಳಿದೆ. ತಾಯಿಯ ಜೊತೆ ಎಳೆಯ ವಯಸ್ಸಿನಲ್ಲೇ ನಾಟಕ ಕಂಪನಿ ಸೇರಿದವರು. ಪಾತ್ರ ಮಾಡಲು ದನಿ ಸಾಲಲಿಲ್ಲ. ಕಂಪನಿಯ ಬಣ್ಣದ ಮಾಸ್ತರರ ಕೈಕೆಳಗೆ ಕೂತರು. ಸಫೇದ, ಅರದಾಳ, ಇಂಗಳೀಕ ಎಂಬ ಬಿಳಿ, ಹಳದಿ, ಕೆಂಪು ಪುಡಿಗಳನ್ನು ಅರೆದು ಎಣ್ಣೆಯಲ್ಲಿ ಕಲಸಿ ಯಾರ ಮುಖಕ್ಕೆ ಎಷ್ಟು ಎಂದು ಕಲಿತರು. ಕಂಪನಿ ಮುಂಬಯಿಗೆ ಕ್ಯಾಂಪು ಬಂದಾಗ ಜನ ಸೇರಲಿಲ್ಲ, ಮಾಲೀಕರು ಪರದೆ ಸುತ್ತಿ ಕಂಪನಿಯನ್ನೇ ಮುಚ್ಚಿಬಿಟ್ಟರು. ಅಕ್ಕ ತಮ್ಮೂರ ಕಡೆಯವರೇ ಆದ ಭಾವನನ್ನು ಮದುವೆಯಾಗಿ ಇಲ್ಲೇ ಉಳಿದರು. ಸಿನಿಮಾ ಸ್ಟುಡಿಯೋದಲ್ಲಿ ಕೆಲಸ ಹುಡುಕಿದರೆ ಅಲ್ಲೊಂದು ಕಟ್ಟಳೆ: ಮುಖಕ್ಕೆ ಬಣ್ಣ ಹಚ್ಚುವುದು ಗಂಡಸರ ಕೆಲಸ, ಹೆಂಗಸರಿಗೆ ಕೂದಲು ಕಟ್ಟುವ ಕೆಲಸ ಮಾತ್ರ. ಬಣ್ಣ ಬಲ್ಲ ಅಕ್ಕ ಬಾಚಣಿಗೆ ಹಿಡಿದು ಕುರ್ಚಿಯ ಹಿಂದೆ ನಿಂತರು. ನಿಂತು ಆಗಲೇ ಹದಿನೈದು ವರ್ಷವಾಗಿತ್ತು. ಬೇಸರವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ಬಣ್ಣದ ಡಬ್ಬಿ ಮುಟ್ಟಬಾರದು ಅಂದಿದ್ದಾರೆ, ನೋಡಬಾರದು ಅಂದಿಲ್ಲವಲ್ಲ, ನಿಂತು ನೋಡಿಯೇ ಹೊಸದೆಲ್ಲ ಕಲಿತೆ ಎಂದರು.

ಬಣ್ಣ ಹಚ್ಚುವುದನ್ನು ನನಗೂ ಕಲಿಸಿ ಎಂದು ಕೇಳಿದೆ. ಒಪ್ಪಿದರು, ಆದರೆ ಕಲಿಯುವುದಕ್ಕೆ ನನ್ನ ಮುಖವನ್ನು ಮೊದಲು ಕೊಡಲಿಲ್ಲ. ನಮ್ಮ ಮುಖದ ಮೇಲೆ ನಮಗೇ ಸಿಟ್ಟಿರುತ್ತದೆ, ಕೈ ನೆಟ್ಟಗೆ ಓಡುವುದಿಲ್ಲ ಎನ್ನುತ್ತಿದ್ದರು. ಹಾಗಾಗಿ ಭಾವನನ್ನು ಕಟಾಂಜನದಲ್ಲಿ ಸ್ಟೂಲಿನ ಮೇಲೆ ಕೂರಿಸಿದರು. ಕಟಾಂಜನದಲ್ಲೇ ಯಾಕೆಂದರೆ ಅಲ್ಲಿ ಹಗಲು ಬೆಳಕಿತ್ತು. ಬಲ್ಬಿನ ಕೆಳಗೆ ಹಚ್ಚಿದ ಬಣ್ಣ ಬಲ್ಬಿಗೆ ಮಾತ್ರ ಸರಿ, ಅಂದರು.

ಬಣ್ಣವನ್ನು ಮುಂಗೈ ಮೇಲೆ ಹಚ್ಚಿ ನೋಡಿ ಆಯ್ದುಕೊಳ್ಳುವುದು ಎಲ್ಲರೂ ಮಾಡುವ ತಪ್ಪು ಎಂದು ಅವರು ಹೇಳಿದ್ದು ಮೊದಲ ದಿನವೇ. ಕೈಗೊಂದು ಬಣ್ಣ, ಮುಖಕ್ಕೊಂದು. ಭಾವನ ದವಡೆಯಿಂದ ಕುತ್ತಿಗೆಗೆ ಇಳಿಯುವ ಜಾಗದಲ್ಲಿ ಮೂರು ಬಣ್ಣದ ಮೂರು ಗೆರೆ ಎಳೆದು, ಯಾವುದು ಕಾಣದೆ ಹೋಗುತ್ತದೋ ಅದೇ ಅವರ ಬಣ್ಣ ಎಂದರು. ಸ್ಪಂಜನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಬೇಕು. ನೀರು ಹೆಚ್ಚಾದರೆ ಗೆರೆ ಬೀಳುತ್ತದೆ. ಹಣೆಯ ನಡುವಿನಿಂದ ಹೊರಕ್ಕೆ, ಕೂದಲಿನ ಬುಡಕ್ಕೆ ಬರುವಾಗ ಬಣ್ಣ ಇಲ್ಲವೆನ್ನುವಷ್ಟು ತೆಳು. ಕಿವಿಯನ್ನು ಮರೆಯಬಾರದು, ಕುತ್ತಿಗೆಯನ್ನೂ ಮರೆಯಬಾರದು. ಪೌಡರನ್ನು ಉಜ್ಜಿದರೆ ಕೆಳಗಿನ ಬಣ್ಣವೂ ಎದ್ದು ಬರುತ್ತದೆ, ಆದ್ದರಿಂದ ಒತ್ತಬೇಕು. ಕಾಡಿಗೆ ಹಚ್ಚುವ ಮೊದಲು ಕಣ್ಣಿನ ಕೆಳಗೆ ಚಿಟಿಕೆ ಪೌಡರ್ ಇಟ್ಟರೆ ಅದು ಇಳಿಯುವುದಿಲ್ಲ. ಒಬ್ಬರ ಕಾಡಿಗೆ ಕಡ್ಡಿ ಇನ್ನೊಬ್ಬರ ಕಣ್ಣಿಗೆ ಹೋಗಕೂಡದು. ಹೊಸ ಡಬ್ಬಿ ಯಾವುದೇ ಇರಲಿ, ಹಿಂದಿನ ದಿನ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಬೇಕು. ಮಲಗುವ ಮೊದಲು ಎಲ್ಲವನ್ನೂ ತೆಗೆಯಬೇಕು, ಎಷ್ಟೇ ದಣಿವಾಗಿರಲಿ. ಇವನ್ನೆಲ್ಲ ಅವರು ಪಾಠದ ಹಾಗೆ ಹೇಳಿದ್ದಲ್ಲ. ನಾನು ತಪ್ಪು ಮಾಡುತ್ತಿದ್ದೆ, ಅವರು ಭಾವನ ಮುಖ ಒರೆಸಿ "ಇನ್ನೊಮ್ಮೆ" ಎನ್ನುತ್ತಿದ್ದರು.

ಒಂದು ಭಾನುವಾರ ಪಕ್ಕದ ಖೋಲಿಯ ಮರಾಠಿ ಗೃಹಸ್ಥರು ಪೇಪರ್ ಕೇಳಲು ಬಂದರು. ಭಾವನ ಒಂದು ಕೆನ್ನೆಗೆ ಗುಲಾಬಿ ಬಣ್ಣ, ಒಂದು ಕಣ್ಣಿಗೆ ಕಾಡಿಗೆ, ನಡುವೆ ಆ ದಪ್ಪ ಮೀಸೆ. ಬಂದವರು ಬಾಯಿ ತೆರೆದು ನಿಂತರು. ಭಾವ ಅಲುಗಾಡದೆ, ಗಂಭೀರವಾಗಿ, "ಶಿಕವಣಿ ಚಾಲೂ ಆಹೆ" ಎಂದರು. ಪಾಠ ನಡೀತಾ ಇದೆ ಎಂದು. ಅಕ್ಕ ನಗುತ್ತ ಗೋಡೆಗೆ ಒರಗಿಬಿಟ್ಟರು. ವಾರವಿಡೀ ದುಡಿದ ಮನುಷ್ಯ ತನ್ನ ಒಂದೇ ರಜೆಯ ದಿನ ಯಾರೋ ಹುಡುಗಿಯ ಕಲಿಕೆಗೆ ಮುಖ ಕೊಟ್ಟು ಕೂರುತ್ತಿದ್ದರಲ್ಲ, ಅದು ಎಂಥ ದೊಡ್ಡತನ ಎಂದು ನನಗೆ ಆಗ ತಿಳಿಯಲಿಲ್ಲ.

ಎರಡು ವರ್ಷದಲ್ಲಿ ನನ್ನ ಕೈ ಕುದುರಿತು. ನಮ್ಮ ಬಿಲ್ಡಿಂಗಿನ ಒಬ್ಬಳು ಮದುಮಗಳಿಗೆ ಅಲಂಕಾರ ಮಾಡಿದೆ, ಅದನ್ನು ನೋಡಿ ಇನ್ನೊಬ್ಬರು ಕರೆದರು. ಸಯನ್, ಮಾಟುಂಗಾದ ನಮ್ಮ ಕಡೆಯ ಮನೆಗಳಲ್ಲಿ ಮದುವೆಯೆಂದರೆ ನನ್ನನ್ನು ಕೇಳತೊಡಗಿದರು. ನನಗೆ ಸ್ವಲ್ಪ ಜಂಬವೂ ಬಂತು. ಪರೇಲಿಗೆ ಹೋಗುವುದು ವಾರ ತಪ್ಪಿ, ತಿಂಗಳು ತಪ್ಪಿತು.

ಆ ಜಂಬ ಇಳಿದದ್ದು ಒಂದು ಹೋಟೆಲು ಮಾಲೀಕರ ಮಗಳ ಮದುವೆಯಲ್ಲಿ. ದೊಡ್ಡ ಮನೆತನ, ದೊಡ್ಡ ಮದುವೆ ಹಾಲ್. ಅದಕ್ಕೆಂದೇ ಫೋರ್ಟ್ ಕಡೆಯ ಫುಟ್‌ಪಾತಿನಲ್ಲಿ ಹೊರದೇಶದ್ದೆಂದು ಹೇಳಿ ಮಾರುತ್ತಿದ್ದ, ಹೆಸರಿನ ಚೀಟಿ ಇಲ್ಲದ ಒಂದು ಕ್ರೀಮ್ ಡಬ್ಬಿ ಕೊಂಡಿದ್ದೆ. ಬೆಳಿಗ್ಗೆ ಆರೂವರೆಗೆ ಹುಡುಗಿಯ ಮುಖಕ್ಕೆ ಹಚ್ಚಿದೆ. ಕಾಲು ಗಂಟೆಯಲ್ಲಿ ಅವಳು ಉರಿಯುತ್ತದೆ ಅಂದಳು. ಒರೆಸಿ ನೋಡಿದರೆ ಕೆನ್ನೆ, ಹಣೆ ಕೆಂಪಾಗಿ, ಸಣ್ಣ ಸಣ್ಣ ದದ್ದು ಎದ್ದಿದ್ದವು. ಮುಹೂರ್ತಕ್ಕೆ ನಾಲ್ಕು ಗಂಟೆ ಇತ್ತು.

ತಣ್ಣೀರಿನ ಬಟ್ಟೆ ಇಟ್ಟೆ. ಮದುವೆಗೆ ಬಂದಿದ್ದ ನೆಂಟರಲ್ಲಿ ಡಾಕ್ಟರೊಬ್ಬರಿದ್ದರು; ಅವರು ನೋಡಿ, ಅಪಾಯವೇನಿಲ್ಲ, ಇಳಿಯುತ್ತದೆ, ಆದರೆ ಮುಖಕ್ಕೆ ಇನ್ನೇನೂ ಹಚ್ಚಬೇಡಿ ಎಂದು ಮಾತ್ರೆ ಕೊಟ್ಟರು. ಏನೂ ಹಚ್ಚದೆ ಮದುಮಗಳನ್ನು ಮಂಟಪಕ್ಕೆ ಹೇಗೆ ಕಳಿಸುವುದೆಂದು ನನಗೆ ತಿಳಿಯಲಿಲ್ಲ. ಹುಡುಗಿಯ ಸೋದರಮಾವನ ಕೈಯಲ್ಲಿ ಒಂದು ಚೀಟಿ ಬರೆದುಕೊಟ್ಟು ಟ್ಯಾಕ್ಸಿಯಲ್ಲಿ ಪರೇಲಿಗೆ ಕಳಿಸಿದೆ. ಅಂದು ಅಕ್ಕನಿಗೆ ಸ್ಟುಡಿಯೋದಲ್ಲಿ ಕೆಲಸವಿತ್ತು. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯುತ್ತಿದ್ದವರು ಚೀಟಿ ಓದಿ ಅದೇ ಟ್ಯಾಕ್ಸಿ ಹತ್ತಿ ಬಂದರು.

ಬಂದವರು ಹುಡುಗಿಯ ಮುಖವನ್ನು ಕಿಟಕಿಯ ಹತ್ತಿರ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನಿನ್ನೆ ಕಿವಿ ಹಿಂದ ಹಚ್ಚಿ ನೋಡಿದ್ದೇನ?"

"ಇಲ್ಲ ಅಕ್ಕ."

ಅಷ್ಟರಲ್ಲಿ ಹುಡುಗಿಯ ತಾಯಿ ಒಳಗೆ ಬಂದು, ಯಾರಿಂದ ಹೀಗಾಯಿತು, ಮುತ್ತೈದೆಯರು ಹಚ್ಚಿದ ಅರಿಶಿನದಿಂದಲೋ ಎಂದು ಕೇಳಿದರು. ಅರಿಶಿನದ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಒಂದು ಕ್ಷಣ ಆಸೆಯೂ ಆಯಿತು. ಅಕ್ಕ ನನ್ನನ್ನು ನೋಡುತ್ತಿರಲಿಲ್ಲ, ಬಟ್ಟೆ ಹಿಂಡುತ್ತಿದ್ದರು. ನಾನು ಹೊಸ ಕ್ರೀಮಿನ ವಿಷಯ ಹೇಳಿದೆ, ಪರೀಕ್ಷೆ ಮಾಡದೆ ಹಚ್ಚಿದ್ದು ನನ್ನದೇ ತಪ್ಪು ಎಂದೂ ಹೇಳಿದೆ. ಆ ತಾಯಿಯ ಮುಖ ಕಪ್ಪಿಟ್ಟಿತು. ಗಂಡಿನ ಕಡೆಯವರಿಗೆ ನಾವು ಎಂತ ಹೇಳುವುದು, ನೀನು ಇನ್ನು ಅವಳನ್ನು ಮುಟ್ಟಬೇಡ ಎಂದರು. ಹೇಳಬೇಕಾದದ್ದನ್ನೇ ಹೇಳಿದರು.

ಅಕ್ಕ ಎದ್ದು ನಿಂತರು. "ಅಮ್ಮಾರ, ತಪ್ಪು ಮಾಡಿದಾಕಿ ಓಡಿಹೋಗಿಲ್ಲ, ಸುಳ್ಳು ಹೇಳಿಲ್ಲ. ಅಕಿ ಇರಲಿ. ನನಗ ಎರಡು ಕೈ ಸಾಲೂದಿಲ್ಲ."

ಮದುಮಗಳು ಒದ್ದೆ ಬಟ್ಟೆಯ ಕೆಳಗಿನಿಂದಲೇ, "ಉರಿ ಕಮ್ಮಿ ಆಗಿದೆ ಅಮ್ಮ, ಅವರು ಇರ್ಲಿ" ಅಂದಳು. ಅವಳ ದನಿ ನನಗೆ ಇವತ್ತಿಗೂ ಕೇಳುತ್ತದೆ.

ಆ ಮೂರು ಗಂಟೆ ಅಕ್ಕ ಮುಖಕ್ಕೆ ನೀರು ಬಿಟ್ಟು ಬೇರೇನೂ ಮುಟ್ಟಿಸಲಿಲ್ಲ. ಕೂದಲನ್ನು ಹಿಂದಕ್ಕೆ ಬಿಗಿಯಾಗಿ ಎಳೆಯದೆ ಕಿವಿಗಳ ಮೇಲೆ ಸಡಿಲವಾಗಿ ಇಳಿಬಿಟ್ಟು, ಕೆನ್ನೆಯ ಅಂಚು ಅರ್ಧ ಮರೆಯಾಗುವಂತೆ ಕಟ್ಟಿದರು. ಮಲ್ಲಿಗೆಯನ್ನು ಹಿಂದೆ ಮಾತ್ರವಲ್ಲ, ಎರಡು ಭುಜದ ಮೇಲೆ ಮುಂದಕ್ಕೂ ತಂದರು. ಕಡುಗೆಂಪು ಸೀರೆಯ ಬದಲು, ತಾಯಿಯನ್ನು ಒಪ್ಪಿಸಿ, ಹಸಿರು ಅಂಚಿನ ಹಳದಿ ಸೀರೆ ಉಡಿಸಿದರು. ಕೆಂಪು ಸೀರೆ ಮುಖದ ಕೆಂಪನ್ನು ಎತ್ತಿ ತೋರಿಸುತ್ತದೆಂದು. ಹುಡುಗಿಯದೇ ಹಳೆಯ ಕಾಡಿಗೆ, ಅವಳು ದಿನವೂ ಇಡುತ್ತಿದ್ದ ಕುಂಕುಮ. ಪಿನ್ನು ಕೊಡುವುದು, ಹೂ ಹಿಡಿಯುವುದು, ಬಟ್ಟೆ ತಣಿಸುವುದು ನನ್ನ ಕೆಲಸ. ಮುಹೂರ್ತದ ಹೊತ್ತಿಗೆ ದದ್ದು ಮುಕ್ಕಾಲು ಇಳಿದಿತ್ತು. ಮಂಟಪದಲ್ಲಿ ಅವಳನ್ನು ನೋಡಿದ ಗಂಡಿನ ಕಡೆಯ ಅಜ್ಜಿಯೊಬ್ಬರು, ಹುಡುಗಿ ಬಣ್ಣ ಬಳಿದುಕೊಳ್ಳದೆ ಬಂದಿದ್ದಾಳೆ, ಒಳ್ಳೆಯ ಮನೆತನ ಎಂದು ಪಕ್ಕದವರಿಗೆ ಹೇಳುತ್ತಿದ್ದರು.

ಹಿಂದಿರುಗುವಾಗ ಬಸ್ಸಿನಲ್ಲಿ ನಾನು ಬೈಗುಳಕ್ಕೆ ಕಾದು ಕೂತಿದ್ದೆ. ಸ್ಟುಡಿಯೋದ ಆ ದಿನದ ಕೆಲಸ ಅವರ ಕೈತಪ್ಪಿತ್ತು. ಅಕ್ಕ ತಮ್ಮದೊಂದು ಹಳೆಯ ಕಥೆ ಹೇಳಿದರು. ಕಂಪನಿಯಲ್ಲಿದ್ದಾಗ, ನನ್ನಷ್ಟೇ ವಯಸ್ಸಿದ್ದಾಗ, ಅವರು ಹೊಸ ಅಂಗಡಿಯ ಬಣ್ಣವನ್ನು ಪರೀಕ್ಷಿಸಿ ನೋಡದೆ ರಾಜನ ಪಾತ್ರದವರಿಗೆ ಹಚ್ಚಿದ್ದರಂತೆ. ಆ ನಟರ ಒಂದು ಕಣ್ಣು ಊದಿಕೊಂಡಿತಂತೆ; ಇಡೀ ನಾಟಕವನ್ನು ಒಂದೇ ಕಣ್ಣಿನಲ್ಲಿ ಮಾಡಿ ಮುಗಿಸಿದರಂತೆ. "ಆ ಹಿರಿಯರು ನನಗ ಒಂದ ಮಾತು ಅನ್ನಲಿಲ್ಲ. ಮರುದಿನ ಮತ್ತ ನನ್ನ ಮುಂದನೇ ಬಂದು ಕುಂತ್ರು. ಇನ್ನ ನಾ ನಿನಗ ಏನು ಬೈಲಿ?"

ಆ ಡಬ್ಬಿಯನ್ನು ನಾನು ಮನೆಗೆ ಬಂದು ಕಸಕ್ಕೆ ಹಾಕಿದೆ. ಭಾನುವಾರ ಮತ್ತೆ ಪರೇಲಿಗೆ ಹೋದೆ. ಭಾವ ಸ್ಟೂಲು ತಂದು ಕಟಾಂಜನದಲ್ಲಿಟ್ಟು ಕೂತರು.

ಅಕ್ಕನಿಗೆ ನಾನು ತಿರುಗಿ ಏನಾದರೂ ಮಾಡುವ ಅವಕಾಶ ಸಿಕ್ಕಿದ್ದು ಮತ್ತೆರಡು ವರ್ಷದ ಮೇಲೆ. ನಮ್ಮ ಕಡೆಯ ಬ್ಯಾಂಕು, ಆಫೀಸುಗಳ ನೌಕರರು ಸೇರಿ ಮಾಟುಂಗಾದಲ್ಲಿ ಕನ್ನಡ ನಾಟಕ ಆಡುತ್ತಿದ್ದರು. ಅವರ ಕಾರ್ಯದರ್ಶಿ ನಮ್ಮ ಬಿಲ್ಡಿಂಗಿನವರೇ. ಬಣ್ಣಕ್ಕೆ ಯಾರನ್ನು ಕರೆಯುವುದು ಎಂದು ಅವರು ಯೋಚಿಸುತ್ತಿದ್ದಾಗ ನಾನು ಅಕ್ಕನ ಹೆಸರು ಹೇಳಿದೆ. ಹೆಂಗಸರಾ, ಗಂಡಸರ ಮುಖಕ್ಕಾ, ಎಂದು ಅವರು ಅನುಮಾನಿಸಿದರು. ಭಾವನ ಮೀಸೆಯ ಕಥೆ ಹೇಳಿ ನಗಿಸಿದೆ, ಜೊತೆಗೆ ನಾನಿರುತ್ತೇನೆ ಎಂದು ಒಪ್ಪಿಸಿದೆ. ಅಕ್ಕನನ್ನು ಒಪ್ಪಿಸುವುದು ಇನ್ನೂ ಕಷ್ಟವಾಯಿತು. ಕೈ ಮರೆತಿದೆ, ಬೇಡ ಎಂದರು. ಭಾವ, "ಹೋಗು" ಅಂದರು. ಅವರ ಒಂದು ಮಾತಿಗೆ ತೂಕವಿತ್ತು.

ಆಟದ ದಿನ ಅಕ್ಕ ಎಲ್ಲರಿಗಿಂತ ಮೊದಲು ಬಂದರು, ಆದರೆ ಬಣ್ಣದ ಡಬ್ಬಿ ತೆರೆಯಲಿಲ್ಲ. ದೀಪಗಳನ್ನೆಲ್ಲ ಹಾಕಿಸಿ, ನನ್ನನ್ನು ರಂಗದ ಮೇಲೆ ನಿಲ್ಲಿಸಿ, ತಾವು ಕೊನೆಯ ಸಾಲಿನಲ್ಲಿ ಹೋಗಿ ಕೂತು ನೋಡಿದರು. ಹಿಂದಿನವರಿಗೂ ಕಣ್ಣು ಕಾಣಬೇಕು, ಮುಂದಿನವರಿಗೆ ಬಣ್ಣ ಕಾಣಬಾರದು ಎಂದರು. ಆಮೇಲೆ ಹನ್ನೊಂದು ಮುಖ. ಬ್ಯಾಂಕಿನ ಗುಮಾಸ್ತರೊಬ್ಬರು ಎಂಬತ್ತರ ಮುದುಕರಾಗಬೇಕಿತ್ತು. ಅಕ್ಕ ಅವರಿಗೆ ನಗು, ಸಿಟ್ಟಾಗು ಎಂದು ಹೇಳಿ, ಸುಕ್ಕು ಬೀಳುವ ಜಾಗಗಳನ್ನು ಅವರ ಮುಖದಲ್ಲೇ ಹುಡುಕಿ ಗೆರೆ ಎಳೆದರು. ಹುಬ್ಬಿಗೆ ಬಿಳಿ ತಾಗಿಸಿದರು. ನಾನು ಸ್ಪಂಜು ಹಿಂಡಿ ಕೊಡುತ್ತ ನಿಂತಿದ್ದೆ. ಅವರನ್ನು ಅಷ್ಟು ಸಂತೋಷವಾಗಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ನಾಟಕ ಮುಗಿದ ಮೇಲೆ ಕಾರ್ಯದರ್ಶಿಗಳು ಪರದೆಯ ಮುಂದೆ ನಿಂತು ಎಲ್ಲರ ಹೆಸರು ಓದಿದರು. "ಬಣ್ಣ" ಎಂದು ಹೇಳಿ ಅಕ್ಕನ ಪೂರ್ತಿ ಹೆಸರು ಹೇಳಿದರು. ಚಪ್ಪಾಳೆ ಬಿತ್ತು. ಅಕ್ಕ ಅದನ್ನು ಕೇಳಲಿಲ್ಲ. ಒಳಗೆ ಗುಮಾಸ್ತರ ಮುಖದಿಂದ ಮುದುಕನನ್ನು ಎಣ್ಣೆಯಲ್ಲಿ ಒರೆಸುತ್ತಿದ್ದರು. ಕೊನೆಯ ಸಾಲಿನಲ್ಲಿ ಕೂತಿದ್ದ ಭಾವ ಕೇಳಿದ್ದರು. ಮಂದ ಕಿವಿಯ ಅವರು ಬೇಗ ಬೇಗ ಒಳಗೆ ಬಂದು, "ನಿನ್ನ ಹೆಸರು ಕರದ್ರು" ಎಂದು ಹೆಂಡತಿಗೆ ಹೇಳಿದರು. ಅಕ್ಕ ನಂಬಲಿಲ್ಲ, ನನ್ನನ್ನು ನೋಡಿದರು. ಹೌದು ಅಂದೆ. ಅವರು ಹತ್ತಿಯನ್ನು ಕೆಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಒಂದು ನಿಮಿಷ ಸ್ಟೂಲಿನ ಮೇಲೆ ಕೂತರು. ಅಷ್ಟೇ. ಆಮೇಲೆ ಎದ್ದು ಉಳಿದ ಮುಖ ಒರೆಸಿದರು.

ಎಪ್ಪತ್ತರ ದಶಕ ಮುಗಿಯುವವರೆಗೂ ಅಕ್ಕ ವರ್ಷಕ್ಕೆ ನಾಲ್ಕೈದು ಕನ್ನಡ ನಾಟಕಗಳಿಗೆ ಬಣ್ಣ ಹಚ್ಚಿದರು. ಸ್ಟುಡಿಯೋದ ಕೂದಲಿನ ಕೆಲಸವನ್ನೂ ಬಿಡಲಿಲ್ಲ. ಅವರ ಜೊತೆ ನಿಂತು ಕಲಿತ ಇನ್ನಿಬ್ಬರು ಹುಡುಗಿಯರು ಈಗ ನನಗಿಂತ ಚೆನ್ನಾಗಿ ಮದುಮಕ್ಕಳನ್ನು ಸಿಂಗರಿಸುತ್ತಾರೆ. ನಾನು ಆಫೀಸಿನ ಕೆಲಸದಲ್ಲೇ ಮುಂದುವರಿದೆ; ನನ್ನ ಕೆನ್ನೆಯ ಕಲೆಗಳು ಹಾಗೆಯೇ ಇವೆ, ಬಾಗಿಲಲ್ಲಿ ಕೂತು ಸಾವಿರಾರು ಜನರನ್ನು ಮಾತಾಡಿಸಿದ್ದೇನೆ. ಮುಖದ ಬಗ್ಗೆ ನನಗಿದ್ದ ಸಿಟ್ಟು ಯಾವ ದಿನ ಹೋಯಿತೆಂದು ಹೇಳಲಾರೆ. ಭಾವನ ಕೆನ್ನೆಯ ಮೇಲೆ ಬಣ್ಣ ಹದವಾಗಿ ಕೂರಲಿ ಎಂದು ಉಸಿರು ಬಿಗಿಹಿಡಿದು ಕಲಿಯುತ್ತಿದ್ದ ಯಾವುದೋ ಭಾನುವಾರ, ನನಗೆ ಗೊತ್ತಾಗದಂತೆ ಹೋಗಿರಬೇಕು. ಅದನ್ನು ಆ ಇಬ್ಬರ ಉಪಕಾರವೆಂದೇ ಇಟ್ಟುಕೊಂಡಿದ್ದೇನೆ.